ಲಕೋಟೆಯೊಳಗಿನ ನಡೆ

“ಅಜ್ಜಿ, ಸತ್ತವನು ಕಟ್ಟಿದ ಪದವನ್ನು ಬದುಕಿದವನು ತನ್ನದೆಂದು ಹಾಡಿದರೆ ಯಾರಿಗೆ ಏನು ನಷ್ಟ?”

ಮುರಿಗೆಪ್ಪ ಹೀಗೆ ಕೇಳಿದಾಗ ತಿಪ್ಪಮ್ಮ ಮಠದ ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಲವತ್ತು ವರ್ಷದಿಂದ ಅದೇ ಜಗುಲಿಯ ಮೇಲೆ ತತ್ವಪದ ಕಲಿಸಿದ ಮುದುಕಿ. ಶಾಲೆಗೆ ಹೋದದ್ದು ಎರಡೇ ವರ್ಷ. ಯಾವ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂಬುದನ್ನು ಮಾತ್ರ ಅವಳು ಯಾವ ಶಾಲೆಯ ಹಂಗೂ ಇಲ್ಲದೆ ಕಲಿತಿದ್ದಳು.

“ಯಾವ ಸತ್ತವನು? ಯಾವ ಬದುಕಿದವನು?”

“ಯಾರೂ ಇಲ್ಲ ಅಜ್ಜಿ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳೋನು ಬೆಳಿಗ್ಗೆ ಬೆಳಿಗ್ಗೆ ಬಂದು ನನ್ನ ಹುಣಸೆಹಣ್ಣು ಬಿಡಿಸಿಕೊಡೋದಿಲ್ಲ ಕಣೋ.”

ಮುರಿಗೆಪ್ಪ ಬಗ್ಗಿ ಇನ್ನೊಂದು ಹಣ್ಣು ಎತ್ತಿಕೊಂಡ. ಅವನೊಂದಿಗೆ ಕಲಿತ ಓಬಳೇಶ ಕಾಮಾಲೆಯಾಗಿ ತೀರಿಕೊಂಡು ಎರಡು ತಿಂಗಳಾಗಿತ್ತು. ಸಾಯುವ ಮುಂಚೆ ಒಂದು ಪದ ಕಟ್ಟಿದ್ದ. ಅದರ ಮೂರು ನುಡಿಗಳನ್ನು ಕಾಲುವೆಯ ದಂಡೆಯ ಮೇಲೆ ಮುರಿಗೆಪ್ಪನಿಗೆ ಹಾಡಿ ತೋರಿಸಿದ್ದ. “ಇನ್ನೊಂದು ಬಾಕಿ ಇದೆ, ಆಮೇಲೆ ಹೇಳ್ತೀನಿ” ಅಂದಿದ್ದ. ಆ ಆಮೇಲೆ ಬರಲಿಲ್ಲ. ಹೋದ ಅಮಾವಾಸ್ಯೆಯ ಭಜನೆಯಲ್ಲಿ ಮುರಿಗೆಪ್ಪ ಆ ಮೂರು ನುಡಿ ಹಾಡಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರು ಕಟ್ಟಿದ್ದಪ್ಪ ಎಂದು ಯಾರೋ ಕೇಳಿದರು. ನಾನೇ ಎಂದು ಅವನ ಬಾಯಿ ಹೇಳಿಬಿಟ್ಟಿತು. ಈ ದಿನ ಸಂಜೆ ಸುತ್ತಿನ ಹಳ್ಳಿಗಳವರೆಲ್ಲ ಬಂದು ಅವನ ತೊಡೆಯ ಮೇಲೆ ತಂಬೂರಿ ಇಟ್ಟು, ಇನ್ನು ಮುಂದೆ ನೀನೇ ಮೊದಲು ಹಾಡಬೇಕು ಎಂದು ಹೇಳುವವರಿದ್ದರು. ಅಜ್ಜಿ ಒಮ್ಮೆ ನಷ್ಟವಿಲ್ಲ ಅಂದುಬಿಟ್ಟರೆ ಎದೆ ಹಗುರವಾಗುತ್ತದೆ ಎಂದು ಬಂದಿದ್ದ.

ತಿಪ್ಪಮ್ಮ ಹುಣಸೆಹಣ್ಣಿನ ಬುಟ್ಟಿಯನ್ನು ಅವನ ಕಡೆಗೆ ಸರಿಸಿದಳು. “ಒಂದು ಚದುರಂಗದ ಕತೆ ಹೇಳ್ತೀನಿ ಕೇಳು” ಅಂದಳು. “ನನಗೆ ಆನೆಯ ನಡೆಯೂ ಗೊತ್ತಿಲ್ಲ, ಒಂಟೆಯ ನಡೆಯೂ ಗೊತ್ತಿಲ್ಲ. ಕಣ್ಣಾರೆ ಕಂಡವರು ಹೇಳಿದ್ದು. ಕೈ ನಿಲ್ಲಿಸಬೇಡ, ಬೀಜ ಬಿಡಿಸ್ತಾ ಕೇಳು.”

ಒಂದು ಊರು. ಆ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬ ವಾಚು ರಿಪೇರಿಯವನು. ಇಬ್ಬರಿಗೂ ಚದುರಂಗದ ಹುಚ್ಚು. ವ್ಯಾಪಾರಿ ಮಧ್ಯಾಹ್ನ ಅಂಗಡಿಯ ಬಾಗಿಲು ಓರೆ ಮಾಡಿ ವಾಚಿನವನ ಗೂಡಂಗಡಿಗೆ ಹೋಗುತ್ತಿದ್ದ. ಕಾಲಿಡಲು ಜಾಗವಿಲ್ಲದ ಅಂಗಡಿ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಗಂಟೆ. ನಡುವೆ ಹಲಗೆಯ ಮೇಲೆ ಮಣೆ ಹಾಸಿಕೊಂಡು ಇಬ್ಬರೂ ಆಡುತ್ತಿದ್ದರು. ವ್ಯಾಪಾರಿಯ ಹೆಂಡತಿ ಊರೆಲ್ಲ ಹೇಳಿಕೊಂಡು ತಿರುಗಿದಳು, ನನ್ನ ಗಂಡ ನನ್ನ ಮುಖ ನೋಡಿದ್ದಕ್ಕಿಂತ ಆ ವಾಚಿನವನ ಮುಖ ನೋಡಿದ್ದೇ ಹೆಚ್ಚು ಎಂದು. ಊರಿನವರು ಅದಕ್ಕೂ ಒಂದು ಬಾಲ ಕಟ್ಟಿದರು. ಅದು ಬೇರೆ ಕತೆ.

ಒಂದು ದಿನ ವಾಚಿನವನು ಕಣ್ಣಿಗೆ ಕಚ್ಚಿಸಿಕೊಂಡಿದ್ದ ಭೂತಗನ್ನಡಿ ತೆಗೆದಿಟ್ಟು, “ಇಲ್ಲಿ ನೋಡು” ಅಂದ. ಆಟ ಶುರುವಾದ ಮೇಲೆ ಮೊದಲ ಐದು ನಡೆ ಎಲ್ಲರೂ ಆಡುವ ಹಾಗೆ ಆಡಿದ. ಆರನೆಯ ನಡೆಗೆ ತನ್ನ ಕುದುರೆಯನ್ನು ಎತ್ತಿ ಎದುರಾಳಿಯ ಕಾಲಾಳಿನ ಬಾಯಿಗೇ ಇಟ್ಟ. ವ್ಯಾಪಾರಿ ನಕ್ಕು ಕುದುರೆಯನ್ನು ಹೊಡೆದ. ಹನ್ನೆರಡು ನಡೆ ಆಗುವುದರೊಳಗೆ ವ್ಯಾಪಾರಿಯ ರಾಜನಿಗೆ ನಿಲ್ಲಲು ಮನೆ ಇರಲಿಲ್ಲ.

“ಹೊಡೆಯದೆ ಬಿಟ್ಟರೆ?” ವ್ಯಾಪಾರಿ ಕೇಳಿದ.

“ಬಿಟ್ಟರೆ ಕುದುರೆ ಆನೆಯನ್ನು ತಿಂತದೆ. ಆದರೂ ಇದರಲ್ಲಿ ಎಲ್ಲೋ ಒಂದು ತೂತು ಇದೆ ಅನ್ನಿಸ್ತದೆ ಕಣಯ್ಯ. ನನಗಿನ್ನೂ ಸಿಕ್ಕಿಲ್ಲ. ಮುಂದಿನ ವಾರ ಬಾ, ಇಬ್ಬರೂ ಕೂತು ಹುಡುಕೋಣ.”

ಮುಂದಿನ ವಾರ ವ್ಯಾಪಾರಿ ಹೋಗಲಿಲ್ಲ. ಆ ವಾರವೇ ಊರಿನ ಕ್ಲಬ್ಬಿನಲ್ಲಿ ಚದುರಂಗದ ಪಂದ್ಯಾವಳಿ. ವಾಚಿನವನ ಹೆಂಡತಿಗೆ ಜ್ವರ ಬಂದು ಅವನು ಆಸ್ಪತ್ರೆಯಲ್ಲಿದ್ದ. ವ್ಯಾಪಾರಿ ಒಬ್ಬನೇ ಹೋಗಿ ಹೆಸರು ಬರೆಸಿದ. ಎದುರು ಕೂತವರಿಗೆಲ್ಲ ಆರನೆಯ ನಡೆಗೆ ಕುದುರೆ ಕೊಟ್ಟ. ಎಲ್ಲರೂ ತಿಂದರು, ಎಲ್ಲರೂ ಸೋತರು. ಪತ್ರಿಕೆಯವನು ಬಂದು, ಇಂಥ ಆರಂಭವನ್ನು ಎಲ್ಲಿ ಕಲಿತಿರಿ ಸಾವ್ಕಾರ್ರೇ ಎಂದು ಕೇಳಿದ.

“ಕಲಿಯೋದೇನು, ನನ್ನದೇ” ಅಂದ ವ್ಯಾಪಾರಿ.

ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಕುದುರೆ ಕೊಡುವ ಆ ಆರಂಭಕ್ಕೆ ‘ಸಾವ್ಕಾರನ ಬಲಿ’ ಎಂದು ಹೆಸರಾಯಿತು. ಅವನು ಆ ಪತ್ರಿಕೆಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ, ಸೀರೆ ಬಿಚ್ಚಿ ತೋರಿಸುವ ಗಾದಿಯ ಮೇಲ್ಗಡೆಯೇ ತೂಗುಹಾಕಿದ. ಸೀರೆ ಕೊಳ್ಳಲು ಬಂದವರು ಮೊದಲು ಅದನ್ನು ನೋಡಬೇಕು, ಆಮೇಲೆ ಸೀರೆ.

ವಾಚಿನವನ ಅಂಗಡಿಗೆ ಅವನು ಮತ್ತೆ ಕಾಲಿಡಲಿಲ್ಲ. ಎದುರು ಸಿಕ್ಕರೆ ಆಚೆ ಬದಿಗೆ ದಾಟುತ್ತಿದ್ದ. ನಾಲ್ಕು ಜನ ಹೋಗಿ ವಾಚಿನವನಿಗೆ ಚುಚ್ಚಿದರು. “ಏನಪ್ಪ, ನಿನ್ನ ಕುದುರೆಯ ಮೇಲೆ ಅವನು ಮೆರವಣಿಗೆ ಹೊರಟಿದ್ದಾನಲ್ಲ!” ಅವನು ಭೂತಗನ್ನಡಿ ತೆಗೆಯದೆ, “ಮೆರೀಲಿ ಬಿಡ್ರಿ” ಅಂದ. ಅಷ್ಟೇ.

ಆಮೇಲಿನ ಸಂಗತಿಯೇ ಊರಿನವರ ಬಾಯಿಗೆ ಕೆಲಸ ಕೊಟ್ಟಿದ್ದು. ಮುಂದಿನ ವರ್ಷದಿಂದ ವಾಚಿನವನೂ ಪಂದ್ಯಕ್ಕೆ ಬಂದ. ಆರು ವರ್ಷ ಬಂದ. ಆರು ವರ್ಷವೂ ಎಲ್ಲರನ್ನೂ ಸೋಲಿಸಿ ಕೊನೆಯ ಆಟದಲ್ಲಿ ವ್ಯಾಪಾರಿಯ ಎದುರು ಕೂತ. ಹಿಂದಿನ ವರ್ಷ ಗೆದ್ದವನಿಗೆ ಬಿಳಿ ಕಾಯಿ, ಮೊದಲ ನಡೆ. ಅದು ಆ ಕ್ಲಬ್ಬಿನ ಪದ್ಧತಿ. ಆರು ವರ್ಷವೂ ವ್ಯಾಪಾರಿ ಆರನೆಯ ನಡೆಗೆ ಕುದುರೆ ಇಟ್ಟ. ಆರು ವರ್ಷವೂ ವಾಚಿನವನು ಅವನ ಮುಖವನ್ನೊಮ್ಮೆ ನೋಡಿ, ಕುದುರೆಯನ್ನು ತಿಂದು, ಸೋತು, ಎದ್ದು ಹೋದ. ತಾನೇ ಕಟ್ಟಿದ ಬಲೆಗೆ ತಾನೇ ಹೋಗಿ ಬೀಳುವವನನ್ನು ಯಾರು ಕಂಡಿದ್ದಾರೆ? ಪೆದ್ದ ಅಂದರು ಕೆಲವರು. ಸಾವ್ಕಾರನ ಹೆಂಡತಿಯ ಮುಖ ನೋಡಿ ಸೋಲುತ್ತಾನೆ ಅಂದರು ಇನ್ನು ಕೆಲವರು. ವ್ಯಾಪಾರಿಗೆ ಮಾತ್ರ ವಾಚಿನವನು ಮುಖ ನೋಡುವ ಆ ಒಂದು ಗಳಿಗೆ ಸೇರುತ್ತಿರಲಿಲ್ಲ. ಏನನ್ನೋ ಕೇಳುವ ಹಾಗೆ ನೋಡುತ್ತಿದ್ದ. ಅಥವಾ ವ್ಯಾಪಾರಿಯೇ ಏನಾದರೂ ಕೇಳಲಿ ಎಂದು ಕಾಯುವ ಹಾಗೆ.

ಏಳನೆಯ ವರ್ಷ ಬಂತು. ಕ್ಲಬ್ಬಿನ ಹಾಲಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕೊನೆಯ ಆಟ. ಒಬ್ಬೊಬ್ಬರಿಗೆ ಎರಡು ಗಂಟೆಯ ಸಮಯ. ಮಣೆಯ ಪಕ್ಕ ಎರಡು ಮುಖದ ಗಡಿಯಾರ. ಒಬ್ಬ ಆಡಿ ಗುಂಡಿ ಒತ್ತಿದರೆ ಅವನದು ನಿಂತು ಇನ್ನೊಬ್ಬನದು ಓಡುತ್ತದೆ. ಸಮಯ ಮುಗಿಯುವಾಗ ಮುಳ್ಳು ಒಂದು ಚಿಕ್ಕ ಕೆಂಪು ಬಾವುಟವನ್ನು ಎತ್ತಿ ಬೀಳಿಸುತ್ತದೆ. ಯಾರ ಬಾವುಟ ಬಿತ್ತೋ ಅವನು ಸೋತ. ಊರಿಗೆ ಅದೊಂದೇ ಗಡಿಯಾರ, ಹಳೆಯದು. ಅದಕ್ಕೆ ಎಣ್ಣೆ ಬಿಟ್ಟು, ಕೀ ಕೊಟ್ಟು ನಡೆಸುತ್ತಿದ್ದವನು ವಾಚಿನವನೇ. ಕೀಲಿ ಅವನ ಜೇಬಿನಲ್ಲೇ ಇರುತ್ತಿತ್ತು. ಆ ದಿನವೂ ಕೀ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಕೆಳಗಿಟ್ಟ.

ವ್ಯಾಪಾರಿ ಆರು ನಡೆಗೆ ಹತ್ತೇ ನಿಮಿಷ ತೆಗೆದುಕೊಂಡ. ಕುದುರೆಯನ್ನು ತಂದು ಕಾಲಾಳಿನ ಬಾಯಿಗಿಟ್ಟು ಗುಂಡಿ ಒತ್ತಿ, ಕಾಫಿ ತರಿಸಿಕೊಂಡ.

ವಾಚಿನವನು ಕುದುರೆಯನ್ನು ತಿನ್ನಲಿಲ್ಲ.

ಕೆನ್ನೆಗೆ ಕೈಕೊಟ್ಟು ಮಣೆ ನೋಡುತ್ತ ಕೂತ. ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ವ್ಯಾಪಾರಿಯ ಕಾಫಿ ಆರಿತು. ಐದಕ್ಕೆ ದಿನದ ಆಟ ಮುಗಿಯುವ ಗಂಟೆ ಹೊಡೆದಾಗಲೂ ವಾಚಿನವನು ಕೂತೇ ಇದ್ದ. ಅವನ ಸಮಯದಲ್ಲಿ ಹತ್ತು ನಿಮಿಷ ಮಾತ್ರ ಉಳಿದಿತ್ತು. ಹೀಗೆ ಆಟ ಅರ್ಧಕ್ಕೆ ನಿಂತರೆ ಒಂದು ನಿಯಮವಿದೆ. ಯಾರ ಸರದಿಯೋ ಅವನು ತನ್ನ ಮುಂದಿನ ನಡೆಯನ್ನು ಮಣೆಯ ಮೇಲೆ ಆಡುವಂತಿಲ್ಲ, ಗುಟ್ಟಾಗಿ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ತೀರ್ಪುಗಾರನಿಗೆ ಕೊಡಬೇಕು. ಮರುದಿನ ಲಕೋಟೆ ಒಡೆದು ಅಲ್ಲಿಂದ ಆಟ ಮುಂದುವರಿಯುತ್ತದೆ. ವಾಚಿನವನು ಬರೆದ, ಅಂಟಿಸಿದ, ಮೇಲೆ ಸಹಿ ಹಾಕಿದ. ಹೋಗುವಾಗ ವ್ಯಾಪಾರಿಯ ಮುಖ ನೋಡಿ ಸ್ವಲ್ಪ ನಕ್ಕ. ಏಳು ವರ್ಷದಲ್ಲಿ ಅದು ಮೊದಲ ನಗು.

ಅಂಗಡಿಗೆ ಹೋದವನು ಒಂದು ಕೈಗಡಿಯಾರ ಬಿಚ್ಚಿ ಅದರ ಮೇಲೆ ಬಗ್ಗಿದ. ಬಗ್ಗಿದವನು ಮೇಲೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಅಂಗಡಿಯವರು ನೋಡಿದಾಗ ಭೂತಗನ್ನಡಿ ಕಣ್ಣಲ್ಲೇ ಇತ್ತು.

ವ್ಯಾಪಾರಿಗೆ ಸುದ್ದಿ ತಲುಪಿತು. ಮೊದಲು ಅಯ್ಯೋ ಅಂದ. ಆಮೇಲೆ, ಹಾಗಾದರೆ ಈ ವರ್ಷವೂ ನಾನೇ ಎಂಬ ಮಾತು ಮನಸ್ಸಿನಲ್ಲಿ ತಾನಾಗಿ ಎದ್ದಿತು. ಅದನ್ನು ಅವನು ಹತ್ತಿಕ್ಕಲೂ ಇಲ್ಲ.

ಮರುದಿನ ಹತ್ತು ಗಂಟೆಗೆ ಬಿಳಿ ಅಂಗಿ ತೊಟ್ಟು ಕ್ಲಬ್ಬಿಗೆ ಹೋದ. ಗೆದ್ದೆ ಎಂದು ಬರೆಸಿಕೊಂಡು, ಅಲ್ಲಿಂದ ನೇರವಾಗಿ ಸಾವಿನ ಮನೆಗೆ ಹೋಗಿ ಹಾರ ಹಾಕಬೇಕು ಎಂದುಕೊಂಡಿದ್ದ. ಒಂದೇ ಬಿಳಿ ಅಂಗಿಯಲ್ಲಿ ಎರಡು ಕೆಲಸ. ಹೋಗಿ ನೋಡಿದರೆ ಮಣೆಯ ಮೇಲೆ ನಿನ್ನೆಯ ಕಾಯಿಗಳು ನಿನ್ನೆಯ ಹಾಗೆಯೇ ನಿಂತಿವೆ. ಎದುರು ಖಾಲಿ ಕುರ್ಚಿ. ಅದರ ಹಿಂದೆ ತೀರ್ಪುಗಾರ, ರಿಟೈರಾದ ಹೆಡ್‌ಮೇಷ್ಟ್ರು, ಲಕೋಟೆ ಹಿಡಿದು ನಿಂತಿದ್ದಾರೆ. ಗೋಡೆಯ ಸುತ್ತ ಜನ.

“ಇನ್ನೇನು ಮೇಷ್ಟ್ರೇ, ಸತ್ತವನ ಜೊತೆ ಆಡಬೇಕೇ ನಾನು?”

“ಲಕೋಟೆ ಅಂಟಿಸುವಾಗ ಅವನು ಬದುಕಿದ್ದ. ಇದು ಬದುಕಿದ್ದವನ ನಡೆ ಸಾವ್ಕಾರ್ರೇ. ನಾನು ಇದನ್ನು ಆಡಿಸಲೇಬೇಕು” ಅಂದರು ಮೇಷ್ಟ್ರು. “ನಿಮಗೆ ಕಷ್ಟವೇನಿಲ್ಲ. ನೀವೊಂದು ನಡೆ ಆಡಿ ಗುಂಡಿ ಒತ್ತಿ. ಯಾವ ನಡೆಯಾದರೂ ಸರಿ. ಅವನದು ಹತ್ತು ನಿಮಿಷ ಉಳಿದಿದೆ. ಅದು ಮುಗಿದರೆ ಅವನ ಬಾವುಟ ಬೀಳ್ತದೆ. ಗೆದ್ದಿರಿ.”

ವ್ಯಾಪಾರಿ ಕೂತ. ಮೇಷ್ಟ್ರು ಲಕೋಟೆ ಒಡೆದರು. ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಖಾಲಿ ಕುರ್ಚಿಯ ಹಿಂದಿನಿಂದ ಕೈ ಚಾಚಿ, ಮಣೆಯ ತುತ್ತತುದಿಯಲ್ಲಿದ್ದ ಕಪ್ಪು ಕಾಲಾಳನ್ನು ಒಂದೇ ಒಂದು ಮನೆ ಮುಂದಕ್ಕಿಟ್ಟರು. ಗುಂಡಿ ಒತ್ತಿದರು.

ಕುದುರೆಯನ್ನು ತಿನ್ನಲಿಲ್ಲ. ಆನೆಯನ್ನು ಕಾಯಲಿಲ್ಲ. ಎಲ್ಲೋ ಮೂಲೆಯಲ್ಲಿ ಒಬ್ಬ ಕಾಲಾಳು ಒಂದು ಹೆಜ್ಜೆ ಇಟ್ಟ.

ವ್ಯಾಪಾರಿಯ ಕೈ ಮುಂದೆ ಹೋಯಿತು. ಆನೆಯನ್ನು ತಿನ್ನುವುದಷ್ಟೇ. ಕೈ ಅರ್ಧದಲ್ಲಿ ನಿಂತಿತು. ಎಲ್ಲೋ ಒಂದು ತೂತು ಇದೆ ಅಂದಿದ್ದನಲ್ಲ. ಇದೇ ಇರಬೇಕು. ಆನೆಯನ್ನು ತಿಂದರೆ ಏನು? ಇವನು ಸುಮ್ಮನೆ ಎರಡು ಗಂಟೆ ಕೂತಿದ್ದನೇ? ಸುಮ್ಮನೆ ನಕ್ಕನೇ? ಸುತ್ತ ನೋಡಿದ. ಎಲ್ಲರೂ ನೋಡುತ್ತಿದ್ದರು. ತನ್ನ ಹೆಸರಿನ ಆರಂಭ. ತಾನೇ ಹುಟ್ಟಿಸಿದ್ದು ಎಂದು ಗಾದಿಯ ಮೇಲೆ ತೂಗುಹಾಕಿಕೊಂಡದ್ದು. ಅದಕ್ಕೆ ಬಂದ ಒಂದು ಸಣ್ಣ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಇವರೆಲ್ಲ ಏನನ್ನುತ್ತಾರೆ? ಸರಿಯಾದದ್ದನ್ನೇ ಆಡಬೇಕು. ಸಮಯವಂತೂ ಬೇಕಾದಷ್ಟಿದೆ. ಕೈ ಹಿಂದಕ್ಕೆ ಬಂತು.

ಆಗ ಅವನಿಗೆ ಒಂದು ಸಂಗತಿ ತಿಳಿಯಿತು. ಈ ಕುದುರೆ ಇಟ್ಟ ಮೇಲೆ ಯೋಚಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಏಳು ವರ್ಷದಲ್ಲಿ ಅಲ್ಲಿ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಕೊಟ್ಟದ್ದನ್ನು ಎಲ್ಲರೂ ತಿಂದಿದ್ದರು.

ಹತ್ತೂವರೆ ಆಯಿತು. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಬೆಳಿಗ್ಗೆ ಅದಕ್ಕೆ ಯಾರೂ ಕೀ ಕೊಟ್ಟಿರಲಿಲ್ಲ. ಕೊಡುವವನು ಇರಲಿಲ್ಲ. ನಿನ್ನೆ ಅವನು ಕೊಟ್ಟ ಕೀಯಲ್ಲೇ ಓಡುತ್ತಿತ್ತು. ವಾಚಿನ ಎಣ್ಣೆಯ ವಾಸನೆ ಎಲ್ಲಿಂದಲೋ ಬರತೊಡಗಿತು. ಗಡಿಯಾರದ್ದೇ ಇರಬೇಕು ಎಂದುಕೊಂಡ. ಆದರೆ ವಾಸನೆ ಬರುತ್ತಿದ್ದುದು ಎದುರಿನ ಕುರ್ಚಿಯ ಕಡೆಯಿಂದ.

“ಸಾವ್ಕಾರ್ರೇ, ಏನಾದರೂ ಆಡ್ರಿ” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. “ಸುಮ್ಮನಿರಯ್ಯ, ಯೋಚಿಸ್ತಿದ್ದೀನಿ” ಅಂದ ವ್ಯಾಪಾರಿ.

ಹನ್ನೊಂದಕ್ಕೆ ಬೀದಿಯಲ್ಲಿ ತಮಟೆ ಕೇಳಿಸಿತು. ವಾಚಿನವನ ಮೆರವಣಿಗೆ. ಅವರ ಪೈಕಿಯಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ಹೂವಿನ ವಿಮಾನ ಕಟ್ಟಿ, ವಿಭೂತಿ ಹಚ್ಚಿ, ಕೂರಿಸಿ ಹೊತ್ತು ಒಯ್ಯುತ್ತಾರೆ. ಹಾಲಿನಲ್ಲಿದ್ದವರೆಲ್ಲ ಎದ್ದು ಕಿಟಕಿಗೆ ಹೋಗಿ ಕೈ ಮುಗಿದರು. ಮೇಷ್ಟ್ರೂ ಟೋಪಿ ತೆಗೆದರು. ವ್ಯಾಪಾರಿ ಏಳಲಿಲ್ಲ. ಗೆಳೆಯನ ಹೆಣ ಬಾಗಿಲ ಮುಂದೆ ಹೋಗುವಾಗ ಪೃಷ್ಠ ಎತ್ತಲಿಲ್ಲ ಎಂದು ಊರಿನ ಹೆಂಗಸರು ಈಗಲೂ ಕೈ ತಿರುವಿ ಹೇಳುತ್ತಾರೆ. ಅವನು ತಲೆ ಮಾತ್ರ ಎತ್ತಿದ. ಖಾಲಿ ಕುರ್ಚಿಯ ಹಿಂದೆ ಸರಿಯಾಗಿ ಕಿಟಕಿ. ಕಿಟಕಿಯ ಎತ್ತರಕ್ಕೆ ಸರಿಯಾಗಿ ವಿಮಾನ. ವಾಚಿನವನು ನೆಟ್ಟಗೆ ಕೂತಿದ್ದ. ಹೊರುವವರು ಭುಜ ಬದಲಿಸಲು ಅಲ್ಲೇ ನಿಂತರು. ನಿಂತಷ್ಟು ಹೊತ್ತು ಅವನು ಆ ಕುರ್ಚಿಯಲ್ಲಿ ಕೂತಂತೆಯೇ ಕಾಣುತ್ತಿದ್ದ, ಮುಖ ಮಣೆಯ ಕಡೆ ಸ್ವಲ್ಪ ಬಾಗಿ. ಆಮೇಲೆ ತಮಟೆ ಮತ್ತೆ ಬಡಿಯಿತು. ವಿಮಾನ ಮುಂದೆ ಹೋಯಿತು.

ಕುರ್ಚಿ ಖಾಲಿಯಾಯಿತು ಎಂದು ವ್ಯಾಪಾರಿಗೆ ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ಅವನು ಮಣೆಯಿಂದ ಕಣ್ಣು ತೆಗೆಯಲಿಲ್ಲ. ಆನೆ ತಿಂದರೆ ಹೀಗೆ, ಕುದುರೆ ಹಿಂದೆ ಬಂದರೆ ಹೀಗೆ, ಮಂತ್ರಿ ಇಳಿದರೆ ಹೀಗೆ. ಪ್ರತಿ ನಡೆಗೂ ಎದುರಿನಿಂದ ಉತ್ತರ ಬರುತ್ತಿತ್ತು. ಯಾರು ಕೊಡುತ್ತಿದ್ದರು? ತಾನೇ ಎಂದುಕೊಂಡ. ಆದರೆ ಅಷ್ಟು ಒಳ್ಳೆಯ ಉತ್ತರ ಅವನಿಗೆ ಹೊಳೆಯುವುದಾದರೂ ಹೇಗೆ? ಮೇಷ್ಟ್ರು ಎರಡು ಸಲ ಕೆಮ್ಮಿದರು. ಯಾರೋ, “ಕಾಲಾಳನ್ನಾದರೂ ಮುಟ್ಟೋ ಮಾರಾಯ!” ಎಂದು ಕೂಗಿಯೇಬಿಟ್ಟರು. ಅವನ ಕಿವಿಗೆ ಬಿದ್ದಿದ್ದು ಟಿಕ್ ಟಿಕ್ ಒಂದೇ.

ಹನ್ನೆರಡಕ್ಕೆ ಆರು ನಿಮಿಷ ಇರುವಾಗ ವ್ಯಾಪಾರಿಯ ಬಾವುಟ ಬಿತ್ತು.

ಬಾವುಟ ಬಿದ್ದದ್ದೇ ಗಡಿಯಾರವೂ ನಿಂತಿತು. ಕೀ ಮುಗಿದಿತ್ತು. ಒಬ್ಬರು ಅದನ್ನು ಅಲುಗಾಡಿಸಿ ನೋಡಿದರು. ಸತ್ತವನ ಕಡೆಯ ಮುಳ್ಳು ಕದಲಿರಲಿಲ್ಲ. ಅವನದು ಇನ್ನೂ ಹತ್ತು ನಿಮಿಷ ಹಾಗೆಯೇ ಇತ್ತು. ಗಡಿಯಾರದ ಕೀಲಿ ಅಷ್ಟು ಹೊತ್ತಿಗೆ ಅವನ ಜೇಬಿನಲ್ಲಿ ಮಣ್ಣಿಗೆ ಇಳಿದಿತ್ತು. ಆ ಗಡಿಯಾರ ಆಮೇಲೆ ಓಡಲೇ ಇಲ್ಲ.

ಮೇಷ್ಟ್ರು ಪುಸ್ತಕ ತೆಗೆದು ಗೆದ್ದವನ ಹೆಸರು ಬರೆದರು. ಸತ್ತವನ ಹೆಸರನ್ನೇ ಬರೆದರು.

ಮೂರನೆಯ ದಿನ ವ್ಯಾಪಾರಿ ವಾಚಿನವನ ಮನೆಗೆ ಹೋದ. ಏಳು ವರ್ಷದಲ್ಲಿ ಮೊದಲ ಸಲ. ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಸಮಾಧಾನದ ಮಾತು ಆಡಬೇಕೆಂದೇ ಹೋದವನು ಬಾಯಿ ತೆರೆದರೆ ಬಂದ ಮಾತೇ ಬೇರೆ.

“ಅಕ್ಕಾ, ಆ ಕಾಲಾಳಿನ ಹಿಂದೆ ಏನಿತ್ತು? ಮುಂದೆ ಏನು ಆಡಬೇಕು ಅಂತಿದ್ದ?”

“ನನಗೆ ಆಟ ಎಲ್ಲಿ ಗೊತ್ತು ಸಾವ್ಕಾರ್ರೇ. ಆವತ್ತು ರೊಟ್ಟಿ ತಿನ್ನುವಾಗ ಒಂದು ಮಾತು ಅಂದ್ರು. ‘ಈ ಸಲ ಅವನ ಕುದುರೆ ಮುಟ್ಟಲ್ಲ ಕಣೇ. ಮುಟ್ಟದಿದ್ರೆ ಏನಾಗ್ತದೋ ನನಗೂ ತಿಳೀದು. ಇಬ್ಬರೂ ಕೂತು ಹುಡುಕೋಣ, ಮೊದಲಿನ ಹಾಗೆ’ ಅಂದ್ರು.”

ವ್ಯಾಪಾರಿ ಎದ್ದು ಬಂದ. ಚಪ್ಪಲಿ ಅಲ್ಲೇ ಬಿಟ್ಟು ಬಂದ.

ಈಗಲೂ ಅವನ ಅಂಗಡಿಯಲ್ಲಿ ಗಾದಿಯ ಪಕ್ಕ ಒಂದು ಮಣೆ ಇದೆ. ಆರು ನಡೆ ಆಡಿ, ಮೂಲೆಯ ಕಾಲಾಳನ್ನು ಒಂದು ಮನೆ ಮುಂದಿಟ್ಟು ಕೂರುತ್ತಾನೆ. ಅಂಗಡಿ ನೋಡಿಕೊಳ್ಳುವವರು ಬೇರೆ. ಊಟಕ್ಕೆ ಕರೆದರೆ, ಇರು, ಯೋಚಿಸ್ತಿದ್ದೀನಿ ಅನ್ನುತ್ತಾನೆ. ಎದುರಿಗೊಂದು ಕುರ್ಚಿ ಹಾಕಿಸಿದ್ದಾನೆ. ಸೀರೆ ಕೊಳ್ಳಲು ಬಂದ ಹೆಂಗಸರು ಕಾಲು ನೋವೆಂದು ಅದರಲ್ಲಿ ಕೂರಲು ಹೋದರೆ ಕೈ ಅಡ್ಡ ಹಿಡಿಯುತ್ತಾನೆ.

“ಅದು ಖಾಲಿ ಇಲ್ಲಮ್ಮ” ಅನ್ನುತ್ತಾನೆ.

ತಿಪ್ಪಮ್ಮ ಕತೆ ನಿಲ್ಲಿಸಿದಳು. ಬಿಡಿಸಿದ ಹಣ್ಣನ್ನು ಒಂದು ಕಡೆ, ಬೀಜವನ್ನು ಒಂದು ಕಡೆ ಮಾಡಿದಳು. ಮುರಿಗೆಪ್ಪನ ಕೈ ಯಾವಾಗಲೋ ನಿಂತುಹೋಗಿತ್ತು. ಅವನಿಗೆ ಕಾಲುವೆಯ ದಂಡೆ ಕಾಣುತ್ತಿತ್ತು. ಆದರೂ ಧೈರ್ಯ ಮಾಡಿ ಕೇಳಿದ.

“ಆ ವ್ಯಾಪಾರಿಯ ಎದುರು ಲಕೋಟೆ ಇತ್ತು ಅಜ್ಜಿ. ಲಕೋಟೆ ಇಲ್ಲದವನಿಗೆ ಹೆದರಿಕೆ ಏನು?”

ತಿಪ್ಪಮ್ಮ ಮಡಿಲು ಕೊಡವಿಕೊಂಡು ಎದ್ದಳು. ಎರಡು ಹೆಜ್ಜೆ ಒಳಗೆ ಹೋದವಳು ಹೊಸ್ತಿಲಲ್ಲಿ ತಿರುಗಿ ನಿಂತು ಹೇಳಿದಳು:

“ಓಬಳೇಶ ನಾಲ್ಕನೆಯ ನುಡಿಯನ್ನು ನನ್ನ ಹತ್ತಿರ ಹಾಡಿ ಹೋಗಿದ್ದಾನೆ ಕಣೋ; ಸಂಜೆ ಮೂರು ನುಡಿ ಮುಗಿಸಿ ನೀನು ನನ್ನ ಮುಖ ನೋಡು.”